ಕೊನೆಯ ಖಾನೆ

ತನ್ನ ಕಣ್ಣು ಮಂಜಾಗುತ್ತಿರುವ ಸಂಗತಿ ಈ ಭೂಮಿಯ ಮೇಲೆ ತನ್ನೊಬ್ಬನಿಗೇ ಗೊತ್ತು ಎಂದು ಬಡಿಗೇರ ಬಸವಣ್ಣೆಪ್ಪ ನಂಬಿದ್ದ. ನಂಬುವವನನ್ನು ತಡೆಯುವವರು ಯಾರು? ರಾಮದುರ್ಗದ ಪೇಟೆಯ ಹಿಂದಿನ ಓಣಿಯಲ್ಲಿ ಮೂವತ್ತೈದು ವರ್ಷ ಒಂದೇ ಮಣೆಯ ಮೇಲೆ ಕುಳಿತು ಕೂರಿಗೆ, ಕುಂಟೆ, ಬಾಗಿಲು, ತೊಲೆ ಮಾಡಿ ಊರಿಗೆ ಕೊಟ್ಟವನು ಅವನು. ಮಣೆ ಪಡಸಾಲೆಯಲ್ಲಿ, ಬಾಗಿಲ ಬೆಳಕು ನೇರವಾಗಿ ಬೀಳುವ ಜಾಗದಲ್ಲಿತ್ತು. ಅವನಿಗಿಂತ ಮೊದಲು ಅದರ ಮೇಲೆ ಅವನ ಅಪ್ಪ ಕೂರುತ್ತಿದ್ದ. ಅಪ್ಪನ ಕೈ ನಡುಗಲು ಶುರುವಾದ ದಿನ ಬಸವಣ್ಣೆಪ್ಪನೇ ಅವನ ರಟ್ಟೆ ಹಿಡಿದು ಎಬ್ಬಿಸಿ, ಒಳಗೆ ದನದ ಗ್ವಾದಲಿಯ ಪಕ್ಕ ಗೋಣಿತಟ್ಟು ಹಾಸಿ ಕೂರಿಸಿದ್ದ. ಅಪ್ಪ ಅಲ್ಲಿಯೇ ಇನ್ನೂ ಎರಡು ವರ್ಷ ಬದುಕಿದ. ಆ ಎರಡು ವರ್ಷದಲ್ಲಿ ಮನೆಯ ಯಾವ ಮಾತಿಗೂ ಯಾರೂ ಅವನನ್ನು ಕರೆಯಲಿಲ್ಲ.

ಆ ಗೋಣಿತಟ್ಟು ಬಸವಣ್ಣೆಪ್ಪನಿಗೆ ಈಗ ದಿನವೂ ನೆನಪಾಗುತ್ತಿತ್ತು. ಕಾವಿ ಹಚ್ಚಿದ ದಾರ ಹಲಗೆಯ ಮೇಲೆ ಬಡಿದರೆ ಕೆಂಪು ಗೆರೆ ಮೂಡುವುದು ಅವನಿಗೆ ಕಾಣುತ್ತಿರಲಿಲ್ಲ. ಬೆರಳಿನಿಂದ ಸವರಿ, ಉಗುರಿನಿಂದ ಗೀರಿ, ಕೆಲಸ ಸಾಗಿಸುತ್ತಿದ್ದ. ಅವನ ಕಣ್ಣಾಗಿ ಪಕ್ಕದಲ್ಲಿ ಕುಳಿತವಳು ಕಿರಿಯ ಸೊಸೆ ರಾಯವ್ವ. ಗಂಡ ಮಡಿವಾಳೆಪ್ಪ ಎರಡು ವರ್ಷದ ಕೆಳಗೆ ತೊರಗಲ್ಲಿನಲ್ಲಿ ಯಾರದೋ ಮನೆಗೆ ತೊಲೆ ಏರಿಸುವಾಗ ಬಿದ್ದು ಸತ್ತಿದ್ದ. ಅಡಿಗೆ, ಬೀಸುವುದು, ನೀರು, ಸಗಣಿ ಎಲ್ಲ ಮುಗಿಸಿ ಅವಳು ಹಲಗೆ ಹಿಡಿಯಲು, ಮರಳಿನಿಂದ ತಿಕ್ಕಿ ನುಣುಪು ಮಾಡಲು ಬಂದು ಕೂರುತ್ತಿದ್ದಳು. "ಮಾವಾರ, ಒಂದ ಎಳಿ ಈಚಿಗೆ" ಎಂದು ಯಾರಿಗೂ ಕೇಳಿಸದಂತೆ ಹೇಳುತ್ತಿದ್ದಳು. ಅವನು ತಾನೇ ಯೋಚಿಸಿದವನಂತೆ ಉಳಿಯನ್ನು ಒಂದು ಎಳೆ ಈಚೆಗೆ ಸರಿಸುತ್ತಿದ್ದ. ಒಮ್ಮೆಯೂ ಅವಳಿಗೆ ಒಳ್ಳೆಯ ಮಾತಾಡಿದವನಲ್ಲ.

ಸಂಕ್ರಾಂತಿ ಮುಗಿದ ವಾರ ಸಾಲೆಯ ನಿಜಗುಣಪ್ಪ ಮಾಸ್ತರು ಬಂದರು. ಪುಣೆಗೆ ಹೋಗಿ ಆರು ತಿಂಗಳು ಹೊಸ ರೀತಿಯ ಪಾಠ ಕಲಿತು ಬಂದವರು. ತಲೆಯ ಮೇಲೆ ಕರೀ ಟೊಪ್ಪಿಗೆ, ಕೈಯಲ್ಲಿ ಸುರುಳಿ ಸುತ್ತಿದ ಚಿತ್ರದ ಕಾಗದ.

"ಬಸವಣ್ಣೆಪ್ಪ, ಇದಕ್ಕ ಮಾಂಟೆಸರಿ ಪದ್ಧತಿ ಅಂತಾರ" ಎಂದು ಕಾಗದ ಬಿಚ್ಚಿದರು. "ಬಿಗರಿ ವರ್ಗದ ಸಣ್ಣ ಹುಡುಗ್ರಿಗೆ ಮೊದಲ ಅಕ್ಷರ ಅಲ್ಲ, ಕೈಗೆ ಕಲಿಸಬೇಕು. ಇಂಥಾ ಕಟ್ಟಿಗಿ ತಬಕ ಹನ್ನೆರಡು ಬೇಕು. ಒಂದೊಂದರಾಗ ಐದು ಖಾನಿ. ಐದು ನಮೂನಿ ಕಾಳು ಕಲಸಿ ಹುಡುಗನ ಮುಂದ ಇಡೋದು. ಅಂವ ಕಣ್ಣಿಗೆ ಅರಬಿ ಕಟಗೊಂಡು ಬರೇ ಬೆರಳಿಲೆ ಮುಟ್ಟಿ, ಜ್ವಾಳ ಒಂದರಾಗ, ಗೋದಿ ಒಂದರಾಗ ಬ್ಯಾರೆ ಮಾಡಬೇಕು."

"ಕಣ್ಣು ಕಟಗೊಂಡ?" ಎಂದ ಬಸವಣ್ಣೆಪ್ಪ. ಅವನ ದನಿ ಯಾಕೋ ಸಣ್ಣದಾಯಿತು.

ಒಳಗಿನಿಂದ ಅವನ ಹೆಂಡತಿ ಸಿದ್ದಲಿಂಗವ್ವ ಹೊಸ್ತಿಲಿಗೆ ಬಂದಳು. ಸೊಂಟದಲ್ಲಿ ಜೋಳದ ಕಣಜದ ಕೀಲಿ. ಆ ಕೀಲಿಯ ಸಪ್ಪಳ ಕೇಳಿದರೆ ಇಬ್ಬರು ಸೊಸೆಯಂದಿರೂ ಬೆನ್ನು ನೆಟ್ಟಗೆ ಮಾಡುತ್ತಿದ್ದರು. "ಕಾಳು ಹಸನ ಮಾಡಾಕ ಪುಣೆತನಕ ಹೋಗಿ ಕಲತ್ರೇನ್ರಿ ಮಾಸ್ತರ? ನಮ್ಮ ಮನಿಗೆ ಬಂದಿದ್ರ ನಾನ ಕಲಸತಿದ್ದೆ."

ಮಾಸ್ತರು ನಕ್ಕರು. "ಖಾನಿ ಮಾತ್ರ ಐದೂ ಸಮ ಇರಬೇಕವ್ವಾ. ಕೂದಲೆಳಿ ಫರಕ ಆದ್ರೂ ನಡಿಯಂಗಿಲ್ಲ. ಹುಡುಗ್ರಿಗೆ ಸಮಾನ ಅಂದ್ರೇನು ಅಂತ ಅದರಿಂದ ತಿಳಿಬೇಕು." ಹೋಗುವಾಗ ಅಂಗಳದಲ್ಲಿ ಚಿಪ್ಪಿನಾಟ ಆಡುತ್ತಿದ್ದ ರಾಯವ್ವನ ಆರು ವರ್ಷದ ಮಗಳು ಶಟ್ಟೆವ್ವನನ್ನು ನೋಡಿ, "ಈ ಹುಡುಗೀನ್ನೂ ಕಳಸ್ರಿ ಸಾಲಿಗೆ" ಎಂದರು. ಹೆಣ್ಣಿಗೆ ಸಾಲೆ ಯಾಕೆ ಎಂದು ಸಿದ್ದಲಿಂಗವ್ವ ಬಾಯಿ ತೆರೆದವಳು, ಕೆಲಸ ಕೊಟ್ಟವರ ಮಾತು ಎಂದು ಮುಚ್ಚಿಕೊಂಡಳು.

ಹನ್ನೆರಡರಲ್ಲಿ ಹತ್ತನ್ನು ಹಿರಿಯ ಮಗ ಯಮನಪ್ಪ ಮಾಡಿದ. ಅವನು ಮೂಲೆಯಲ್ಲಿ ಕುಳಿತು, ಬಾಗಿಲ ಬೆಳಕನ್ನೆಲ್ಲ ಅಪ್ಪನಿಗೆ ಬಿಟ್ಟು, ಮಬ್ಬಿನಲ್ಲಿ ಬಗ್ಗಿ ನೋಡಿ ಕೆಲಸ ಮಾಡಿದ. ಬಸವಣ್ಣೆಪ್ಪ ಎರಡನ್ನಾದರೂ ತಾನೇ ಮಾಡುತ್ತೇನೆಂದು ಹಟ ಹಿಡಿದ. ಮೊದಲನೆಯದು ರಾಯವ್ವನ ಪಿಸುಮಾತಿನಲ್ಲಿ ನೆಟ್ಟಗಾಯಿತು. ಎರಡನೆಯದಕ್ಕೆ ಖಾನೆಗಳ ನಡುವಿನ ಪಟ್ಟಿಗಳಿಗೆ ಅಳತೆಯ ಕಡ್ಡಿ ಇಟ್ಟು ಗುರುತು ಹಾಕುವಾಗ ಅವಳ ದನಿ ಸ್ವಲ್ಪ ಜೋರಾಯಿತು.

"ಮಾವಾರ, ಕಡ್ಡಿ ಪಟ್ಟಿ ನಡುವ ಇಡಬೇಕಲ್ರಿ. ಅಂಚಿಗೆ ಇಟ್ಟೀರಿ."

ಮೂಲೆಯಿಂದ ಯಮನಪ್ಪ ತಲೆ ಎತ್ತಿ ನಕ್ಕ. "ಏನಪಾ, ರಾಯವ್ವ ಮೇಸ್ತ್ರಿ ಆದ್ಲು? ಮಣಿ ಆಕಿಗೇ ಬಿಡತೀಯೇನು?"

"ಬಾಯಿ ಮುಚ್ಚಿ ಹಲಗಿ ಹಿಡಿ" ಎಂದು ಬಸವಣ್ಣೆಪ್ಪ ಸೊಸೆಯ ಮೇಲೆ ಹರಿಹಾಯ್ದ. "ಹೆಂಗಸು ಬಡಿಗತನ ಕಲಸಾಕ ಬಂದ್ಲು ನನಗ!"

ಅವಳು ಬಾಯಿ ಮುಚ್ಚಿದಳು. ಅವನು ಅಳತೆಯ ಕಡ್ಡಿಯನ್ನು ಒಂದೊಂದು ಪಟ್ಟಿಯ ಅಂಚಿನಿಂದ ಅಂಚಿಗೆ ಇಡುತ್ತ ಹೋದ. ಕಣ್ಣಿದ್ದವನು ಕಡ್ಡಿಯನ್ನು ಪಟ್ಟಿಯ ನಡುಗೆರೆಯ ಮೇಲೆ ಇಡುತ್ತಾನೆ. ಬೆರಳಿಗೆ ಗೆರೆ ಸಿಗುವುದಿಲ್ಲ, ಅಂಚು ಸಿಗುತ್ತದೆ. ಹೀಗಾಗಿ ನಾಲ್ಕು ಖಾನೆಗಳು ಹೊಟ್ಟೆ ತುಂಬ ಜಾಗ ಪಡೆದವು. ನಡುವಿನ ಪಟ್ಟಿಗಳ ದಪ್ಪವನ್ನೆಲ್ಲ ಕೊನೆಯ ಖಾನೆಯೊಂದೇ ಹೊತ್ತುಕೊಂಡಿತು. ತಿಕ್ಕುವಾಗ ರಾಯವ್ವ ಮತ್ತೊಮ್ಮೆ, "ಈ ಒಂದು ತಬಕ ಕೊಡಬ್ಯಾಡ್ರಿ ಮಾವಾರ" ಎಂದಳು. ಅವನು ಕೇಳಿಸದವನಂತೆ ಎದ್ದು ಎಲೆಯಡಿಕೆ ಹುಡುಕುತ್ತ ಹೋದ.

ಮಾಸ್ತರು ತಬಕಗಳನ್ನು ಒಪ್ಪಿಸಿಕೊಳ್ಳುವ ದಿನ ಒಂದು ಬಟ್ಟಲು ಕಡಲೆ ತಂದಿದ್ದರು. ಪ್ರತಿ ಖಾನೆಗೂ ಅದೇ ಬಟ್ಟಲಿನಿಂದ ಸುರಿದು ನೋಡುತ್ತ ಬಂದರು. ಹನ್ನೊಂದು ತಬಕ ಮುಗಿಯಿತು. ಹನ್ನೆರಡನೆಯದರ ಕೊನೆಯ ಖಾನೆಗೆ ಸುರಿದಾಗ ಕಡಲೆ ತುಂಬಿ ಹೊರಗೆ ಚೆಲ್ಲಿ ಪಡಸಾಲೆಯ ತುಂಬ ಉರುಳಾಡಿತು.

"ಇದೇನು ಬಸವಣ್ಣೆಪ್ಪ? ಎರಡು ಬೆರಳು ಸಣ್ಣದೈತಲ್ಲ! ಕಣ್ಣಿಗೆ ಹೊಡಿಯೂ ಹಂಗ ಕಾಣತೈತಿ."

ಯಮನಪ್ಪ ಅಪ್ಪನನ್ನೇ ನೋಡಿದ. ಅವನ ಹೆಂಡತಿ ದೇವಕ್ಕ ಒಳಗಿನಿಂದ ಇಣುಕಿದಳು. ಸಿದ್ದಲಿಂಗವ್ವ ಹೊಸ್ತಿಲಲ್ಲಿ ನಿಂತಿದ್ದಳು. ಬಸವಣ್ಣೆಪ್ಪನಿಗೆ ಅವರ ಮುಖಗಳು ಕಾಣಲಿಲ್ಲ. ಗ್ವಾದಲಿಯ ಪಕ್ಕದ ಗೋಣಿತಟ್ಟು ಕಣ್ಣ ಮುಂದೆ ಬಂತು. ಅದೊಂದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ರಾಯವ್ವಂದು" ಎಂದ. "ಹಲಗಿ ಹಿಡಿ ಅಂದ್ರ ಮಗಳ ಕಡೆ ನೋಡಕೋತ ಕುಂತ್ಲು. ಹಲಗಿ ಸರೀತು."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅಷ್ಟು ಸಲೀಸಾಗಿ ಇತ್ತೀಚೆಗೆ ಮರ ಹೆರೆಯುವ ಅವನ ರಂದವೂ ಓಡಿರಲಿಲ್ಲ.

ನೆಲದ ಮೇಲೆ ಕಡಲೆ ಆಯುತ್ತಿದ್ದ ರಾಯವ್ವ ತಲೆ ಎತ್ತಿದಳು. "ಮಾವಾರ..." ಎಂದಳು, ಅಷ್ಟೆ. ಸಿದ್ದಲಿಂಗವ್ವ ಬಂದು ಅವಳ ಬೆನ್ನಿಗೆ ಗುದ್ದಿದಳು. "ಗಂಡನ್ನ ನುಂಗಿದ್ದು ಸಾಲಲಿಲ್ಲ, ಮಾವನ ಹೆಸರೂ ನುಂಗು!" ಎಂದಳು. ಮಾಸ್ತರು ಮುಜುಗರಪಟ್ಟು, ಇನ್ನೊಂದು ತಬಕ ಮಾಡಿಕೊಡಿರೆಂದು ಹೇಳಿ ಎದ್ದರು. ಅದನ್ನು ಯಮನಪ್ಪ ಮಾಡಿದ. ಕೆಟ್ಟ ತಬಕ ಮೂಲೆ ಸೇರಿತು. ರಾಯವ್ವ ಪಡಸಾಲೆಗೆ ಬರಕೂಡದೆಂದು ಕಟ್ಟಪ್ಪಣೆಯಾಯಿತು.

ಮೂಲೆಯಲ್ಲಿದ್ದ ತಬಕವನ್ನು ಅಡಿಗೆಮನೆಗೆ ತಂದವಳು ದೇವಕ್ಕ. ಅವಳು ಆಗ ಆರು ತಿಂಗಳ ಬಸುರಿ. ಮೊದಲಿನ ಎರಡು ನಿಂತಿರಲಿಲ್ಲ, ಹೀಗಾಗಿ ಇದಕ್ಕೆ ಮನೆಯೆಲ್ಲ ಕೈಯೊಡ್ಡಿ ನಿಂತಿತ್ತು. ಒಂದು ಬೆಳಿಗ್ಗೆ ಶಟ್ಟೆವ್ವ ಸಾಲೆಗೆ ಹೊರಟಾಗ ಅವಳ ಉಡಿಯಲ್ಲಿ ಒಂದು ರೊಟ್ಟಿ ಸಿಕ್ಕಿತು.

"ಅತ್ತೀ, ನೋಡ್ರಿ ಇಲ್ಲೆ!" ಎಂದು ದೇವಕ್ಕ ಕೂಗಿದಳು. "ಕಣಜ ಯಾಕ ಇಳೀತೈತಿ ಅಂತೀರಲ್ಲ, ಕಳ್ಳತನ ಮನ್ಯಾಗ ಐತಿ."

"ನನ್ನ ಪಾಲಿನ ರೊಟ್ಟಿ ಯಕ್ಕಾ ಅದು. ನಾ ತಿನ್ನಲಿಲ್ಲ, ಆಕಿಗೆ ಕಟ್ಟಿದೆ" ಎಂದಳು ರಾಯವ್ವ.

"ನಿನ್ನ ಪಾಲು ಎಷ್ಟಂತ ಯಾರು ಅಳದಾರ? ಬುಟ್ಟಿ ನಿನ್ನ ಕೈಯಾಗ, ಬೀಸೂದು ನಿನ್ನ ಕೈಯಾಗ. ಅತ್ತೀ, ಆ ಸಾಲಿ ತಬಕ ಬರೇ ಬಿದ್ದೈತಲ್ಲ. ಐದು ಖಾನಿ, ಐದು ಮಂದಿ. ದಿನಾ ಮುಂಜಾನೆ ನೀವ ಜ್ವಾಳ ಹಾಕಿ ಕೊಡ್ರಿ. ಯಾರದು ಎಷ್ಟಂತ ಎಲ್ಲಾರ ಕಣ್ಣಿಗೂ ಕಾಣಲಿ."

"ಆರು ಮಂದಿ" ಎಂದಳು ರಾಯವ್ವ.

"ಸಣ್ಣದು ಲೆಕ್ಕಕ್ಕ ಬರಂಗಿಲ್ಲ. ಅದು ತಾಯಿ ಜೋಡಿ" ಎಂದಳು ಸಿದ್ದಲಿಂಗವ್ವ. ತಬಕವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಯ ಖಾನೆಯ ಮೇಲೆ ಬೆರಳಿಟ್ಟಳು. "ನಿನ್ನ ಕೈಲೆ ಸಣ್ಣಾಗಿದ್ದು ನಿನಗ ಇರಲಿ."

ಅವತ್ತಿನಿಂದ ಬೆಳಗಾದರೆ ಕಣಜದ ಕೀಲಿಯ ಸಪ್ಪಳ, ಆಮೇಲೆ ತಬಕಕ್ಕೆ ಜೋಳ ಬೀಳುವ ಸಪ್ಪಳ. ಮೊದಲ ಖಾನೆ ಬಸವಣ್ಣೆಪ್ಪನದು. ಎರಡನೆಯದು ಯಮನಪ್ಪನದು. ಮೂರನೆಯದು ದೇವಕ್ಕನದು, ಎರಡು ಜೀವದವಳು ಎಂದು ಸಿದ್ದಲಿಂಗವ್ವ ಅದರ ಮೇಲೆ ಗೋಪುರವಾಗುವಷ್ಟು ಸುರಿಯುತ್ತಿದ್ದಳು. ನಾಲ್ಕನೆಯದು ಸಿದ್ದಲಿಂಗವ್ವನದು. ಐದನೆಯದನ್ನು ಅಂಗೈಯಿಂದ ಸವರಿ, ಅಂಚಿಗೆ ಸಮ ಮಾಡಿ, ಉಳಿದ ನಾಲ್ಕು ಕಾಳನ್ನೂ ಕಣಜಕ್ಕೆ ಎಸೆಯುತ್ತಿದ್ದಳು. ರಾಯವ್ವ ಎಲ್ಲವನ್ನೂ ಬೀಸಬೇಕು, ತನ್ನದನ್ನು ಕೊನೆಗೆ, ಬೇರೆಯಾಗಿ. ಉಳಿದವರ ಖಾನೆಗಳಲ್ಲಿ ನಾಲ್ಕಕ್ಕೆ ಕಡಿಮೆಯಿಲ್ಲದಂತೆ ರೊಟ್ಟಿ ಬರುತ್ತಿದ್ದವು. ಕೊನೆಯದರಲ್ಲಿ ಎರಡೂವರೆ. ಆ ಎರಡೂವರೆಯಲ್ಲಿ ಮುಂಜಾನೆ ಸಂಜೆ ಎರಡೂ ಹೊತ್ತು, ಎರಡು ಹೊಟ್ಟೆ.

ಇನ್ನೂ ಹುಟ್ಟದ ಕೂಸಿಗೆ ಪಾಲಿತ್ತು, ಅಂಗಳದಲ್ಲಿ ಓಡಾಡುವ ಕೂಸಿಗೆ ಇರಲಿಲ್ಲ. ಇದನ್ನು ಆ ಮನೆಯಲ್ಲಿ ಯಾರೂ ವಿಚಿತ್ರವೆಂದು ತಿಳಿಯಲಿಲ್ಲ. ಮೊದಲಿಗಿಂತ ಈಗ ಜಗಳ ಕಡಿಮೆಯಾಗಿದೆ, ಎಲ್ಲ ಅಳತೆಯ ಮೇಲೆ ನಡೆದಿದೆ ಎಂದು ಸಿದ್ದಲಿಂಗವ್ವ ಓಣಿಯ ಹೆಂಗಸರ ಮುಂದೆ ಹೇಳಿಕೊಂಡಳು ಕೂಡ.

ಬಸವಣ್ಣೆಪ್ಪ ತನ್ನ ನಾಲ್ಕು ರೊಟ್ಟಿ ಉಣ್ಣುವಾಗ ಶಟ್ಟೆವ್ವ ಕಂಬದ ಬಳಿ ಕೂರುತ್ತಿದ್ದಳು. ಅವಳು ಕಾಣುತ್ತಿರಲಿಲ್ಲ, ಉಸಿರು ಕೇಳುತ್ತಿತ್ತು. ಒಂದು ದಿನ ತಡೆಯಲಾರದೆ ಅರ್ಧ ರೊಟ್ಟಿ ಚಾಚಿದ.

"ಮುತ್ಯಾ, ನನಗ?" ಎಂದಿತು ಹುಡುಗಿ.

"ಕೊಡಬ್ಯಾಡ್ರಿ" ಎಂದು ಸಿದ್ದಲಿಂಗವ್ವ ಒಲೆಯ ಮುಂದಿನಿಂದಲೇ ಹೇಳಿದಳು. "ಇವತ್ತ ಕೊಟ್ರ ನಾಳಿ ನಿಮ್ಮ ಖಾನ್ಯಾಗ ಅಷ್ಟು ಕಡಿಮಿ ಹಾಕತೇನಿ."

ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಇದು ನಾಚಿಕೆಗೇಡು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಉಂಡ.

ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ಹಿತ್ತಿಲಲ್ಲಿ ಕೈಕಾಲು ತೊಳೆಯುತ್ತಿದ್ದಾಗ ರಾಯವ್ವ ಕೊಡ ಇಳಿಸಿ ಎದುರು ನಿಂತಳು.

"ಮಾವಾರ, ನಾ ಏನೂ ಕೇಳಂಗಿಲ್ಲ. ಮಣಿ ನಿಮ್ಮದ ಇರಲಿ. ನಿಮ್ಮ ಕಣ್ಣಿನ ಸುದ್ದಿ ನಾ ಯಾರ ಮುಂದೂ ಆಡಂಗಿಲ್ಲ, ಮಡಿವಾಳೆಪ್ಪನ ಆಣಿ. ಅತ್ತಿಗೆ ಒಂದ ಮಾತು ಹೇಳ್ರಿ. ತಪ್ಪು ಆಕಿದಲ್ಲ, ಕಟ್ಟಿಗಿ ಹಸೀದಿತ್ತು, ಸೊಟ್ಟಾತು ಅನ್ರಿ ಸಾಕು. ಆ ಹುಡುಗಿ ನಿದ್ದ್ಯಾಗ ಬಾಯಿ ಆಡಸತೈತ್ರಿ."

ಎಷ್ಟು ಸುಲಭದ ದಾರಿ ತೋರಿಸಿದ್ದಳು! ಅವನ ಮರ್ಯಾದೆಗೆ ಕೂದಲೂ ಕೊಂಕದಂಥ ದಾರಿ. ಆದರೆ ತನ್ನ ಕಣ್ಣಿನ ಸುದ್ದಿ ಇವಳ ಬಾಯಲ್ಲಿದೆ ಎಂಬ ಮಾತೊಂದೇ ಅವನ ಕಿವಿಗೆ ಬಿತ್ತು. ಉಳಿದದ್ದೆಲ್ಲ ನೀರಿನ ಜೊತೆ ಹರಿದುಹೋಯಿತು.

"ಯಾರ ಕಣ್ಣಿಗೆ ಏನಾಗೈತಿ?" ಎಂದು ಗದರಿದ. "ಹಲಗಿ ಸರಸಿದಾಕಿ ನೀ. ನನಗ ಹೆಸರಿಡಬ್ಯಾಡ."

ರಾಯವ್ವ ಕೊಡ ಎತ್ತಿಕೊಂಡಳು. "ಆತ್ರಿ ಮಾವಾರ" ಎಂದಳು. ಆಮೇಲೆ ಅವಳು ಅವನನ್ನು ಮಾವಾರ ಎಂದು ಕರೆದದ್ದು ಅವನಿಗೆ ನೆನಪಿಲ್ಲ.

ಹೋಳಿ ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಮಾಸ್ತರು ಮತ್ತೆ ಬಂದರು. ಇನ್ನೂ ಆರು ತಬಕ ಬೇಕಂತೆ. ಅದರ ಜೊತೆ ಇನ್ನೊಂದು ಮಾತಿತ್ತು. ಹೇಳಲೋ ಬೇಡವೋ ಎಂದು ಟೊಪ್ಪಿಗೆ ತೆಗೆದು ಹಾಕಿ ಮಾಡಿದರು.

"ನಿಮ್ಮ ಶಟ್ಟೆವ್ವ ಭಾಳ ಶ್ಯಾಣ್ಯಾ ಹುಡುಗಿ. ಕಣ್ಣು ಕಟ್ಟಿದ್ರ ಆಕಿಯಷ್ಟು ಲಗೂನ ಯಾರೂ ಬ್ಯಾರೆ ಮಾಡಂಗಿಲ್ಲ. ಆದ್ರ... ಕಡ್ಲಿ ಖಾನಿ ಮಾತ್ರ ಯಾವಾಗ್ಲೂ ಖಾಲಿ ಇರತಿತ್ತು. ಕಡ್ಲಿ ಎಲ್ಲೈತೆವ್ವಾ ಅಂದ್ರ ಇರಲಿಲ್ರಿ ಅಂತಾಳ. ನಿನ್ನೆ ಬಾಗಿಲ ಮರಿಗೆ ನಿಂತು ನೋಡಿದೆ. ಕೈಗೆ ಹತ್ತಿದ ಕಡ್ಲಿ ಎಲ್ಲಾ ಬಾಯಾಗ ಹಾಕ್ಕೊಂತಾಳ. ಕಡ್ಲಿ ಮುಗದ ಮ್ಯಾಲೆ ಹಸೀ ತೊಗರೀನೂ. ಮನ್ಯಾಗ ಏನರ ಉಣ್ಣಾಕ..."

ಅವರು ಮಾತು ಮುಗಿಸಲಿಲ್ಲ. ಕೆಟ್ಟದ್ದಕ್ಕೆ ಹೇಳಿದವರಲ್ಲ, ಆದರೆ ಪಡಸಾಲೆಯಲ್ಲಿ, ಓಣಿಯ ಬಾಗಿಲು ತೆರೆದಿರುವಾಗ ಹೇಳಿದರು. ಹೊರಗೆ ಕುಂಟೆ ರಿಪೇರಿಗೆ ಬಂದ ಇಬ್ಬರು ಒಕ್ಕಲಿಗರು ನಿಂತಿದ್ದರು. ಬಸವಣ್ಣೆಪ್ಪ ಮಣೆಯ ಮೇಲೆ ಕುಳಿತೇ ಇದ್ದ. ಈಗ ಹೇಳಬಹುದಿತ್ತು. ಮಾಸ್ತರರ ಮುಂದೆ, ಮಗನ ಮುಂದೆ, ಒಂದೇ ಮಾತು. ಅವನು ಉಳಿಯ ಬಾಯನ್ನು ಹೆಬ್ಬೆರಳಿನಿಂದ ಸವರುತ್ತ, "ಹುಡುಗ್ರ ಬಾಯಿಗೆ ಏನ್ರಿ ಮಾಸ್ತರ, ಚಟಾ" ಎಂದು ನಕ್ಕ.

ಮಾಸ್ತರು ಹೊಸ್ತಿಲು ದಾಟುವುದೇ ತಡ, ಸಿದ್ದಲಿಂಗವ್ವ ಅಡಿಗೆಮನೆಯಲ್ಲಿ ಹುಡುಗಿಯ ಜುಟ್ಟು ಹಿಡಿದಳು.

"ಮನಿ ಮಾನ ತಗೀತಿ? ಬಡಿಗ್ಯಾರ ಮನ್ಯಾಗ ಕೂಳಿಲ್ಲಂತ ಊರಿಗೆ ಡಂಗುರಾ ಹೊಡೀತಿ?"

ರಾಯವ್ವ ಅಡ್ಡ ಬಂದಳು. ದೇವಕ್ಕ ಹೊಟ್ಟೆ ಹಿಡಿದುಕೊಂಡು, "ನನ್ನ ದೂಡಬ್ಯಾಡ, ನನ್ನ ದೂಡಬ್ಯಾಡ" ಎಂದು ಯಾರೂ ದೂಡದಿದ್ದರೂ ಕಿರಿಚಿದಳು. ಯಮನಪ್ಪ ಎದ್ದು ಬಂದು ತಮ್ಮನ ಹೆಂಡತಿಯನ್ನು ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ. ಸಿದ್ದಲಿಂಗವ್ವ ಒಲೆಯಲ್ಲಿದ್ದ ಇಕ್ಕಳ ತಂದು ಹುಡುಗಿಯ ಬಲಗೈ ಬೆರಳಿನ ತುದಿಗಳಿಗೆ ಮುಟ್ಟಿಸಿದಳು. "ಮುಟ್ಟು ಈಗ, ಕಡ್ಲಿ ಮುಟ್ಟು" ಎಂದಳು. ಹುಡುಗಿ ಕೂಗಿದ್ದು ಓಣಿಯ ಕೊನೆಯ ಮನೆಗೂ ಕೇಳಿಸಿತು. ಸುಟ್ಟ ಚರ್ಮದ ವಾಸನೆ ಪಡಸಾಲೆಯವರೆಗೂ ಬಂತು. ಬಸವಣ್ಣೆಪ್ಪ ಕೊಡತಿ ಎತ್ತಿ ಉಳಿಯ ಮೇಲೆ ಹೊಡೆಯಲು ಶುರು ಮಾಡಿದ. ಕೆಳಗೆ ಮರವಿತ್ತೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಸಪ್ಪಳ ಬೇಕಾಗಿತ್ತು, ಅಷ್ಟೆ.

ಮರುದಿನ ಬೆಳಿಗ್ಗೆ ರಾಯವ್ವ ಎಂದಿನಂತೆ ಬೀಸಿದಳು. ನಾಲ್ವರ ರೊಟ್ಟಿ ಬಡಿದು ಬುಟ್ಟಿಗೆ ಹಾಕಿದಳು. ಕೊನೆಯ ಖಾನೆಯ ಜೋಳವನ್ನು ಬೀಸಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡಳು. ಮಗಳ ಕೈಗೆ ಅರಿಶಿನ ಎಣ್ಣೆ ಹಚ್ಚಿ, ಹಳೆಯ ಅರಿವೆ ಸುತ್ತಿ ಹೊರಗೆ ಬಂದಳು.

"ಎಲ್ಲಿಗೆ?" ಎಂದಳು ಸಿದ್ದಲಿಂಗವ್ವ.

"ಬೈಲಹೊಂಗಲಕ್ಕ. ಹತ್ತಿ ಜಿನ್ನಿನ್ಯಾಗ ಹೆಂಗಸರನ್ನ ತಗೋತಾರಂತ. ಸವದತ್ತಿ ತನಕ ಬಂಡಿ ಐತಿ."

"ಈ ಮನಿ ಸೊಸಿ ಜಿನ್ನಿಗೆ ಹೋದ್ಲಂದ್ರ ನಮ್ಮ ಮುಖ ಎಲ್ಲಿ ಇಡೂಣು?"

"ತಬಕದಾಗ ಇಡ್ರಿ" ಎಂದಳು ರಾಯವ್ವ. "ಜಾಗಾ ಖಾಲಿ ಆಗೈತಿ."

ಪಡಸಾಲೆ ದಾಟುವಾಗ ಅವಳು ನಿಲ್ಲಲಿಲ್ಲ. ಹುಡುಗಿ ನಿಂತಳು. "ಮುತ್ಯಾ, ಹೋಗತೇನಿ" ಎಂದಳು. ಬಸವಣ್ಣೆಪ್ಪ ಹುಡುಗಿಯ ದನಿ ಬಂದ ಕಡೆ ಕೈ ಚಾಚಿದ. ಅಷ್ಟರಲ್ಲಿ ತಾಯಿ ಅವಳನ್ನು ಎಳೆದುಕೊಂಡು ಹೋಗಿದ್ದಳು.

ಬೀಸುವ ಕೈ ಹೋದ ಮೇಲೆ ಮನೆಯ ತೂಕ ಎಲ್ಲರಿಗೂ ತಿಳಿಯಿತು. ದೇವಕ್ಕನಿಗೆ ಎಂಟು ತುಂಬುತ್ತಿತ್ತು. ತವರಿಗೆ ಹೋಗುವ ಬದಲು ಅವಳು ತಾಯಿ ಬಾಯವ್ವನನ್ನೇ ಕಿತ್ತೂರಿನಿಂದ ಕರೆಸಿಕೊಂಡಳು. ಬಾಯವ್ವ ಗಟ್ಟಿ ಹೆಂಗಸು. ಬಂದ ದಿನವೇ ಅಡಿಗೆಮನೆಯ ಬುಟ್ಟಿ, ಬೋಗುಣಿಗಳ ಜಾಗ ಬದಲಿಸಿದಳು. ತಬಕದ ಖಾಲಿ ಖಾನೆ ಅವಳದಾಗಲಿ ಎಂದಳು ಸಿದ್ದಲಿಂಗವ್ವ. ದೇವಕ್ಕ, "ನಮ್ಮವ್ವ ಬೀಸಾಕ ಬಂದಾಳ, ಉಪಾಸ ಸಾಯಾಕಲ್ಲ" ಎಂದು ಗಂಡನ ಕಡೆ ನೋಡಿದಳು. ಸಿದ್ದಲಿಂಗವ್ವ ಬೀಗಿತ್ತಿಗೆ ನಾಲ್ಕನೆಯ ಖಾನೆ ಬಿಟ್ಟುಕೊಟ್ಟು, ಕೊನೆಯದಕ್ಕೆ ಇಳಿಯಲೊಲ್ಲದೆ ಸದ್ಯಕ್ಕೆ ಗಂಡನದರಲ್ಲಿ ತಾನೂ ಉಂಡಳು.

ಹೊಸ ಆರು ತಬಕಗಳಲ್ಲಿ ಎರಡನ್ನು ಬಸವಣ್ಣೆಪ್ಪ ಮಾಡಿದ. ಪಕ್ಕದಲ್ಲಿ ಪಿಸುಗುಡುವವರು ಯಾರೂ ಇರಲಿಲ್ಲ. ಹಲಗೆಯನ್ನು ಯಮನಪ್ಪನೇ ಹಿಡಿದಿದ್ದ, ತಾನು ಬೇರೆ ಕಡೆ ನೋಡುತ್ತಿರುವಂತೆ ನಟಿಸುತ್ತ. ಎರಡೂ ಮುಗಿದ ಮೇಲೆ ಯಮನಪ್ಪ ಅಡಿಗೆಮನೆಯ ತಬಕವನ್ನು ತಂದು ಅವುಗಳ ಪಕ್ಕ ಇಟ್ಟ. ಮೂರಕ್ಕೂ ಕೊನೆಯ ಖಾನೆ ಎರಡು ಬೆರಳು ಸಣ್ಣದು. ಅಳತೆ ಇಟ್ಟು ನೋಡಿದ. ಒಂದೇ ತಪ್ಪು, ಒಂದೇ ಜಾಗದಲ್ಲಿ.

"ಅಪ್ಪಾ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಿದ್ದರೆ ಚೆನ್ನಾಗಿತ್ತು. "ಇದು ಹಲಗಿ ಸರದದ್ದಲ್ಲ. ಹಲಗಿ ನಾ ಹಿಡದಿದ್ದೆ. ಕಣ್ಣಿದ್ದಾಂವ ಅಂಚಿಗೆ ಕಡ್ಡಿ ಇಡಂಗಿಲ್ಲ. ನೀ ಬೆರಳಿಲೆ ಅಳೀತಿ. ನಿನಗ ಕಾಣಂಗಿಲ್ಲ."

"ಕಾಣತೈತಿ."

"ನನ್ನ ಕೈಯಾಗ ಏನೈತಿ ಹೇಳು?"

ಬಸವಣ್ಣೆಪ್ಪ ಕಣ್ಣು ಕಿರಿದು ಮಾಡಿದ. ಮಗನ ತೋಳಿನ ನೆರಳು ಎತ್ತಿದಂತಿತ್ತು. "ಗರಗಸ" ಎಂದ.

ಬಾಗಿಲಲ್ಲಿ ನಿಂತಿದ್ದ ದೇವಕ್ಕ ಕಿಸಕ್ಕನೆ ನಕ್ಕಳು. ಯಮನಪ್ಪನ ಕೈಯಲ್ಲಿ ಏನೂ ಇರಲಿಲ್ಲ.

ಅವನು ಅಪ್ಪನ ರಟ್ಟೆ ಹಿಡಿದ. ಎಳೆಯಲಿಲ್ಲ, ನೂಕಲಿಲ್ಲ, ಭಾರದ ಪೆಟ್ಟಿಗೆ ಎತ್ತುವವನಂತೆ ಜಾಗರೂಕತೆಯಿಂದ ಎತ್ತಿದ. ಬಸವಣ್ಣೆಪ್ಪನೂ ಎದ್ದ. ಎಷ್ಟು ಹೆಜ್ಜೆ ಎಂದು ಅವನಿಗೆ ಗೊತ್ತಿತ್ತು. ಹದಿನಾಲ್ಕು. ತನ್ನ ಅಪ್ಪನನ್ನು ಕರೆದೊಯ್ದಾಗಲೂ ಅಷ್ಟೇ ಇದ್ದವು. ಗ್ವಾದಲಿಯ ಪಕ್ಕ ಗೋಣಿತಟ್ಟು ಆಗಲೇ ಹಾಸಿತ್ತು.

ತೊರಗಲ್ಲಿನಿಂದ ಗಂಗಪ್ಪ ಎಂಬ ನಡುವಯಸ್ಸಿನ ಬಡಿಗ ಕೂಲಿಗೆ ಬಂದ. ಯಮನಪ್ಪ ಬಾಗಿಲ ಬೆಳಕಿನ ಮಣೆಗೆ ಬಂದ, ಗಂಗಪ್ಪ ಮೂಲೆಗೆ ಕುಳಿತ. ಕೂಲಿಯ ಜೊತೆ ಊಟವೂ ಎಂದು ಮಾತಾಗಿತ್ತು. ಬಸವಣ್ಣೆಪ್ಪನ ಖಾನೆ ಗಂಗಪ್ಪನಿಗೆ ಹೋಯಿತು.

ಗಂಗಪ್ಪ ಬಂದ ಮೊದಲ ದಿನ ಬಿಸಿಲು ಏರಿದ ಮೇಲೆ ಸಿದ್ದಲಿಂಗವ್ವ ತಾಟು ತಂದಿಟ್ಟಳು. ರೊಟ್ಟಿ, ಕೆಂಪು ಖಾರ, ಒಂದು ಉಳ್ಳಾಗಡ್ಡಿ. ಬಸವಣ್ಣೆಪ್ಪನಿಗೆ ಹಸಿವಾಗಿತ್ತು. ಬೇಗ ಬೇಗ ಎರಡು ರೊಟ್ಟಿ ಮುಗಿಸಿ, ಇನ್ನೊಂದಕ್ಕೆ ಕೈ ಹಾಕಿದ. ಸಿಕ್ಕಿದ್ದು ಅರ್ಧ. ತಾಟಿನ ಸುತ್ತ ಬೆರಳಾಡಿಸಿದ. ಮತ್ತೇನೂ ಇರಲಿಲ್ಲ.

"ಇದು ಕಡೀ ಖಾನಿದೇನು?" ಎಂದ.

"ಹೌದ್ರಿ."

ಎಮ್ಮೆ ಮೇವು ಅಗಿಯುತ್ತಿತ್ತು. "ಆ ತಬಕ ರಾಯವ್ವ ಕೆಡಿಸಿದ್ದಲ್ಲ" ಎಂದ ಬಸವಣ್ಣೆಪ್ಪ. "ಆಕಿ ಹೇಳಿದ್ಲು, ಅಂಚಿಗೆ ಇಡಬ್ಯಾಡ್ರಿ ಅಂತ. ನನ್ನ ತಪ್ಪು."

"ಗೊತ್ತೈತಿ."

"ಯಮನಪ್ಪ ಹೇಳಿದ್ನೇನು?"

"ಅಂವ ಯಾಕ ಹೇಳಬೇಕು? ಹೋದ ದೀಪಾವಳಿಗೆ ನೀವು ಆರಿದ ಪಣತಿಗೆ ಕೈ ಮುಗದು ನಿಂತ್ರಲ್ಲ, ಅವತ್ತ ತಿಳೀತು ನನಗ. ತಬಕದಾಗ ಕಡ್ಲಿ ಚೆಲ್ಲಿದಾಗ ಯಾರ ಕೈ ಅಂತ ಕೇಳೂದೇ ಬ್ಯಾಡಾಗಿತ್ತು."

ಅವನು ಅವಳ ದನಿ ಬಂದ ಕಡೆ ತಿರುಗಿದ. "ಗೊತ್ತಿದ್ದೂ ಆ ಹುಡುಗಿ ಕೈ ಸುಟ್ಟಿ?"

"ನೀವು ಮಣಿ ಮ್ಯಾಲ ಇದ್ರ ಕಣಜದ ಕೀಲಿ ನನ್ನ ನಡದಾಗ ಇರತಿತ್ತು" ಎಂದಳು ಸಿದ್ದಲಿಂಗವ್ವ. ದನಿ ಏರಲಿಲ್ಲ, ಇಳಿಯಲಿಲ್ಲ. "ನೀವು ಸುಳ್ಳು ಹೇಳಿದ್ರಿ. ಅದನ್ನ ಖರೆ ಮಾಡಾಕ ನಾ ಏನೇನು ಮಾಡಬೇಕೋ ಮಾಡಿದೆ. ಈಗ ಹೇಳಾಕ ಬಂದೀರಿ, ಎಮ್ಮಿ ಮುಂದ."

ಅವಳು ಕೂರುವಾಗ ಸೊಂಟದ ಸಪ್ಪಳ ಕೇಳಲಿಲ್ಲ. ಆಗ ಅವನಿಗೆ ಹೊಳೆಯಿತು.

"ಕೀಲಿ ಎಲ್ಲಿ?"

"ನಿನ್ನೆ ದೇವಕ್ಕ ತಗೊಂಡ್ಲು. ಇವತ್ತ ತಬಕ ಆಕೀನ ತುಂಬಿದ್ಲು. ಅಂಗೈಲೆ ಸವರಿ, ಅಂಚಿಗೆ ಸಮ ಮಾಡಿ. ನನ್ನ ನೋಡೇ ಕಲತಾಳ."

"ನೀ ಉಂಡಿ?"

"ಎಲ್ಲಿದು ಉಣ್ಣಲಿ? ಸಂಜಿತನಕ ನಮ್ಮಿಬ್ಬರಿಗೂ ಅದ ಎರಡೂವರಿ. ನೀವು ಉಂಡ್ರಲ್ಲ."

ಬಸವಣ್ಣೆಪ್ಪ ಅರ್ಧ ರೊಟ್ಟಿ ಹಿಡಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೆಯೇ ಇಟ್ಟುಕೊಂಡು ಕುಳಿತ. ಸಿದ್ದಲಿಂಗವ್ವ ಅದನ್ನು ಅವನ ಕೈಯಿಂದ ಕಿತ್ತುಕೊಂಡು, ಗೋಡೆಯ ಕಡೆ ಮುಖ ಮಾಡಿ ತಿಂದಳು.